ಹಳೆಯ ಅತಿಚಾರಗಳು, ಹೊಸ ಪರದೆ

2025ರ ಅಕ್ಟೋಬರ್ 3ರಂದು ಮುಂಬೈಯ ರಾಜ್ಯ ಪೊಲೀಸ್ ಮುಖ್ಯ ಕಚೇರಿಯಲ್ಲಿ ಸೈಬರ್ ಜಾಗೃತಿ ಮಾಸದ ಉದ್ಘಾಟನೆ ನಡೆಯಿತು. ಮುಖ್ಯಮಂತ್ರಿ ದೇವೇಂದ್ರ ಫಡಣವೀಸರ ಸಮ್ಮುಖದಲ್ಲಿ ನಟ ಅಕ್ಷಯ್ ಕುಮಾರ್ ತಮ್ಮ ಮನೆಯ ಪ್ರಸಂಗವೊಂದನ್ನು ಹೇಳಿದರು. ಮಗಳು ಅಪರಿಚಿತನೊಡನೆ ಆನ್‌ಲೈನ್ ಆಟ ಆಡುತ್ತಿದ್ದಳು. ಆತ ಮೊದಲು ಆಟವನ್ನು ಮೆಚ್ಚಿದ, ಬಳಿಕ ಹುಡುಗನೋ ಹುಡುಗಿಯೋ ಎಂದು ವಿಚಾರಿಸಿದ, ಕೊನೆಗೆ ನಗ್ನ ಚಿತ್ರ ಕೇಳಿದ. ಅವಳು ಆಟವನ್ನು ಆರಿಸಿ ನೇರವಾಗಿ ತಾಯಿಗೆ ತಿಳಿಸಿದಳು. ಮಹಾರಾಷ್ಟ್ರದ ಶಾಲೆಗಳಲ್ಲಿ 7ರಿಂದ 10ನೆಯ ತರಗತಿಯವರೆಗೆ ವಾರಕ್ಕೊಂದು ‘ಸೈಬರ್ ಪೀರಿಯಡ್’ ಇರಬೇಕೆಂದು ಅವರು ಮುಖ್ಯಮಂತ್ರಿಗಳನ್ನು ಕೋರಿದರು.

ಕೋರಿಕೆ ಯೋಗ್ಯವಾದುದು, ಜಾಗೃತಿ ಮಾಸದ ಭಿತ್ತಿಪತ್ರಗಳೊಡನೆ ಅದು ಮುಗಿದುಹೋಗಬಾರದು. ಆದರೆ ಆ ಪ್ರಸಂಗದ ತಿರುಳಿರುವುದು ಮಗಳು ತಾಯಿಗೆ ಹೇಳಿದಳೆಂಬುದರಲ್ಲಿ. ನಮ್ಮ ಎಷ್ಟು ಮನೆಗಳಲ್ಲಿ ಹುಡುಗಿಯೊಬ್ಬಳು ಹೀಗೆ ಹೇಳಿಯಾಳು? ಹೇಳಿದೊಡನೆ ಫೋನು ಕಸಿದುಕೊಳ್ಳುವರು, ಕಾಲೇಜು ಬಿಡಿಸಿ ವರಾನ್ವೇಷಣೆಗೆ ತೊಡಗುವರು ಎಂಬ ಅಂಜಿಕೆಯಿದ್ದಲ್ಲಿ ಅವಳು ಬಾಯಿ ಬಿಡುವುದಿಲ್ಲ. ಬೆದರಿಕೆ ಹಾಕುವವನ ಬಂಡವಾಳವೇ ಆ ಮೌನ.

ಇನ್ನೊಂದು ಅಪಾಯದ ಕುರಿತು ನಮ್ಮ ವ್ಯಾಪಾರಸ್ಥ ಸಮಾಜ ಹೆಚ್ಚು ಮಾತನಾಡುವುದಿಲ್ಲ. ರಿಸರ್ವ್ ಬ್ಯಾಂಕು 2025ರ ಏಪ್ರಿಲ್ 21ರ ಸುತ್ತೋಲೆಯಲ್ಲಿ, ಹತ್ತು ವರ್ಷ ತುಂಬಿದ ಮಕ್ಕಳು ತಮ್ಮ ಉಳಿತಾಯ ಖಾತೆಯನ್ನು ತಾವೇ ತೆರೆದು ನಿರ್ವಹಿಸಲು ಅವಕಾಶ ನೀಡುವ ಸ್ವಾತಂತ್ರ್ಯವನ್ನು ಬ್ಯಾಂಕುಗಳಿಗೆ ಕೊಟ್ಟಿದೆ. ಇದು ಸ್ವಾಗತಾರ್ಹ. ಇತ್ತ ವಂಚಕರ ಜಾಲಗಳು ಹುಡುಕುವುದು ಇಂಥ ಶುಭ್ರ ಚರಿತ್ರೆಯ ಖಾತೆಗಳನ್ನೇ. ಕಾಲೇಜು ಹುಡುಗನಿಗೆ ಕೆಲವು ಸಾವಿರ ರೂಪಾಯಿ ಕೊಟ್ಟು ಪಾಸ್‌ಬುಕ್, ಎಟಿಎಂ ಕಾರ್ಡು, ಸಿಮ್ ಮೂರನ್ನೂ ಪಡೆಯುತ್ತಾರೆ. ‘ಡಿಜಿಟಲ್ ಅರೆಸ್ಟ್’ ಹೆಸರಿನಲ್ಲಿ ಯಾರೋ ವೃದ್ಧರಿಂದ ಕಿತ್ತ ಹಣ ಆ ಖಾತೆಯ ಮೂಲಕ ಹಾದುಹೋಗುತ್ತದೆ. ತನಿಖೆ ಮೊದಲು ಬಂದು ನಿಲ್ಲುವುದು ಖಾತೆದಾರನ ಬಾಗಿಲಿಗೆ.

ಇದಕ್ಕೆ ನಮ್ಮಲ್ಲಿ ಹೆಸರು ಇಲ್ಲದಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯ ಅಣುವ್ರತದ ಅತಿಚಾರಗಳ ನಡುವೆ ‘ತದಾಹೃತಾದಾನ’, ಅಂದರೆ ಕಳವಿನ ಮಾಲನ್ನು ಸ್ವೀಕರಿಸುವುದು, ಎಣಿಕೆಯಾಗಿದೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ‘ಕೂಟಲೇಖಕ್ರಿಯೆ’ಯೂ ‘ರಹೋಭ್ಯಾಖ್ಯಾನ’ವೂ ಇವೆ: ಸುಳ್ಳು ದಾಖಲೆ ಸೃಷ್ಟಿಸುವುದು, ಅನ್ಯರ ಏಕಾಂತವನ್ನು ಬಯಲಿಗೆಳೆಯುವುದು. ತಿದ್ದಿದ ಸ್ಕ್ರೀನ್‌ಶಾಟ್, ಸಹಪಾಠಿಯ ಮುಖ ಅಂಟಿಸಿದ ಡೀಪ್‌ಫೇಕ್, ಮುರಿದ ಸ್ನೇಹದ ಖಾಸಗಿ ಚಿತ್ರ ಇವೆಲ್ಲಕ್ಕೂ ಅಲ್ಲಿ ಸ್ಥಳವಿದೆ. ಮುಂಬೈ ಉಪನಗರಗಳ ಭಾನುವಾರದ ಪಾಠಶಾಲೆಗಳಲ್ಲಿ ಮಕ್ಕಳು ಈ ಪದಗಳನ್ನು ಕಂಠಪಾಠ ಮಾಡುತ್ತಾರೆ. ಅವು ತಮ್ಮ ಜೇಬಿನಲ್ಲಿರುವ ಯಂತ್ರವನ್ನು ಕುರಿತವು ಎಂದು ಹೇಳುವವರು ವಿರಳ. ಶಾಲೆಯ ಸೈಬರ್ ಪೀರಿಯಡ್ ಕಂಪ್ಯೂಟರ್ ಶಿಕ್ಷಕರ ಹೆಗಲಿಗೆ ಬಿದ್ದು, ಎರಡು ಅಂಕದ ಪ್ರಶ್ನೆಯಾಗಿ ಸೊರಗುವ ಸಂಭವವೇ ಹೆಚ್ಚಿರುವಾಗ, ಪಾಠಶಾಲೆಗಳು ಈ ಕೆಲಸವನ್ನು ಕೈಗೆತ್ತಿಕೊಳ್ಳಬೇಕು.

ಹಾಗೆ ಕಲಿಸಹೊರಡುವ ಹಿರಿಯರ ನಡತೆ ಹೇಗಿದೆ? ವಿವಾಹಯೋಗ್ಯ ಕನ್ಯೆಯರ ಭಾವಚಿತ್ರ, ಜನ್ಮಸಮಯ, ತಂದೆಯ ಮೊಬೈಲ್ ಸಂಖ್ಯೆ, ಮನೆಯ ವಿಳಾಸ ಇವನ್ನೆಲ್ಲ ಒಳಗೊಂಡ ಬಯೋಡೇಟಾಗಳು ಸಮಾಜದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅಡೆತಡೆಯಿಲ್ಲದೆ ಅಲೆಯುತ್ತವೆ; ಮದುವೆಯಾಗಿ ಮಕ್ಕಳಾದ ಮೇಲೂ ಅಲೆಯುತ್ತಿರುತ್ತವೆ. ಪ್ರತಿಭಾ ಪುರಸ್ಕಾರಕ್ಕೆ ಅಂಕಪಟ್ಟಿಯ ಜೊತೆಗೆ ಆಧಾರ್ ಪ್ರತಿಯನ್ನೂ ಪದಾಧಿಕಾರಿಯ ಖಾಸಗಿ ಫೋನಿಗೆ ತರಿಸಿಕೊಳ್ಳುವ ಪದ್ಧತಿ ಇನ್ನೊಂದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದೇ ಪರಿಗಣಿಸಿ, ಅವರ ಮಾಹಿತಿಗೆ ಪಾಲಕರ ಪರಿಶೀಲಿಸಬಹುದಾದ ಸಮ್ಮತಿಯನ್ನು ಕೇಳುತ್ತದೆ. ವಾರ್ಷಿಕ ಲೆಕ್ಕಪತ್ರವನ್ನು ಪೈಸೆಗೆ ಪೈಸೆ ತಾಳೆ ಹಾಕುವ ಟ್ರಸ್ಟುಗಳು ಈ ಜಮಾ ಖರ್ಚನ್ನು ಒಮ್ಮೆಯೂ ನೋಡಿದಂತಿಲ್ಲ.

ಮುಂದಿನ ದಶಲಕ್ಷಣ ಪರ್ವದಲ್ಲಿ ಉತ್ತಮ ಸತ್ಯದ ದಿನದ ಪ್ರವಚನದ ಬಳಿಕ ಒಂದು ಗಂಟೆಯನ್ನು ಇದಕ್ಕೆ ಮೀಸಲಿಡಬಹುದು. ಹಣ ಹೋದೊಡನೆ 1930ಕ್ಕೆ ಕರೆ ಮಾಡಿದರೆ ಅದನ್ನು ದಾರಿಯಲ್ಲೇ ತಡೆಯುವ ಸಾಧ್ಯತೆಯಿದೆಯೆಂದು ಮಕ್ಕಳಿಗೂ ಅಜ್ಜಂದಿರಿಗೂ ಜೊತೆಯಾಗಿ ಕೂರಿಸಿ ತಿಳಿಸಬೇಕು, ಆ ಸಂಖ್ಯೆಯನ್ನು ಬಸದಿಯ ಸೂಚನಾಫಲಕದ ಮೇಲೆ ಬರೆಸಬೇಕು. ಅದೇ ಸಂಜೆ ಪದಾಧಿಕಾರಿಗಳು ತಮ್ಮ ಫೋನುಗಳಲ್ಲಿ ಉಳಿದಿರುವ ಆಧಾರ್ ಪ್ರತಿಗಳನ್ನು ಅಳಿಸಿಹಾಕಲಿ.