ಸೈಕಲ್ ತುಳಿಯುವ ಮಕ್ಕಳ ತಲೆ ಕಾಯಲು ಹೆಲ್ಮೆಟ್ ಕೊಡಿ, ವಾಹನಗಳ ವೇಗ ತಗ್ಗಿಸಿ: ಮನವಿ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಅಧ್ಯಕ್ಷರು,
ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ, ರಾಯಚೂರು.

ಮುಖಾಂತರ: ಮಾನ್ಯ ತಹಶೀಲ್ದಾರರು, ಸಿಂಧನೂರು.

ಇಂದ,
ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳ ಪಾಲಕರು ಹಾಗೂ ಸೈಕಲ್ ಸವಾರರು.

ವಿಷಯ: ಶಾಲಾ ಮಕ್ಕಳಿಗೆ ಸೈಕಲ್ ಹೆಲ್ಮೆಟ್ ಒದಗಿಸುವ ಹಾಗೂ ಹೆದ್ದಾರಿಯಲ್ಲಿ ವೇಗ ನಿಯಂತ್ರಿಸುವ ಕುರಿತು.

ಮಾನ್ಯರೇ,

ನಮ್ಮ ಮೂರೂ ಊರುಗಳನ್ನು ರಾಷ್ಟ್ರೀಯ ಹೆದ್ದಾರಿ 150ಎ ಜೋಡಿಸುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ ಕಟಾವಿಗೆ ಬಂದರೆ ಲಾರಿ, ಟ್ರ್ಯಾಕ್ಟರ್, ಕಟಾವು ಯಂತ್ರಗಳೆಲ್ಲ ರಸ್ತೆಗಿಳಿಯುತ್ತವೆ. ಹಳ್ಳಿ, ಕ್ಯಾಂಪ್‌ಗಳ ಮಕ್ಕಳು ಅದೇ ರಸ್ತೆಯ ಅಂಚು ಹಿಡಿದು ಸೈಕಲ್ ತುಳಿದು ಶಾಲೆಗೆ ಬರುತ್ತಾರೆ. 2006-07ರಲ್ಲಿ ಆರಂಭವಾದ ಸರ್ಕಾರದ ಸೈಕಲ್ ಯೋಜನೆ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಿತು. ತಲೆಗೆ ರಕ್ಷಣೆ ಕೊಡಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಮಿನ ಹೆಲ್ಮೆಟ್ ನಿಯಮವೂ ಮೋಟಾರ್ ಸೈಕಲ್‌ಗಳಿಗೆ ಮಾತ್ರ.

ಹೆಲ್ಮೆಟ್ ನಿಜಕ್ಕೂ ಮಿದುಳನ್ನು ಕಾಯುತ್ತದೆಯೇ ಎಂದು ಹಲವರು ಕೇಳುತ್ತಾರೆ. ತಲೆ ನೆಲಕ್ಕೆ ಬಡಿದಾಗ ಹೆಲ್ಮೆಟ್ಟಿನೊಳಗಿನ ಥರ್ಮೋಕೋಲ್ ತಾನು ಜಜ್ಜಿಹೋಗಿ ಪೆಟ್ಟನ್ನು ತಾಳಿಕೊಳ್ಳುತ್ತದೆ. ಆಸ್ಟ್ರೇಲಿಯಾದ ಸಂಶೋಧಕರಾದ ಒಲಿವಿಯರ್ ಮತ್ತು ಕ್ರೈಟನ್ 2016ರಲ್ಲಿ 40 ಅಧ್ಯಯನಗಳನ್ನು, ಗಾಯಗೊಂಡ 64,000ಕ್ಕೂ ಹೆಚ್ಚು ಸವಾರರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದರು. ಹೆಲ್ಮೆಟ್ ಧರಿಸಿದವರಲ್ಲಿ ತಲೆಗೆ ಗಂಭೀರ ಗಾಯವಾಗುವ ಸಂಭವ ಶೇ 69ರಷ್ಟು ಕಡಿಮೆ ಇತ್ತು. ನಾರ್ವೆಯಲ್ಲಿ 2018ರಲ್ಲಿ ನಡೆದ ಇಂಥದೇ ವಿಶ್ಲೇಷಣೆ ಈ ಪ್ರಮಾಣವನ್ನು ಶೇ 60 ಎಂದಿತು. ಅಂಕಿಗಳಲ್ಲಿ ವ್ಯತ್ಯಾಸವಿದ್ದರೂ ರಕ್ಷಣೆ ಸಿಗುವುದು ಖಚಿತ.

ಈ ರಕ್ಷಣೆಗೆ ಮಿತಿಯೂ ಇದೆ. ಯುರೋಪಿನ ಇಎನ್ 1078 ಮಾನದಂಡದ ಪ್ರಕಾರ ಹೆಲ್ಮೆಟ್ಟನ್ನು ಗಂಟೆಗೆ ಸುಮಾರು 20 ಕಿ.ಮೀ. ವೇಗದಲ್ಲಿ ಬಡಿಸಿ ಪರೀಕ್ಷಿಸುತ್ತಾರೆ. ಸೈಕಲ್ ಮೇಲಿಂದ ಬಿದ್ದವರಿಗೆ ಅದು ಆಸರೆಯಾದೀತು. ವೇಗದ ಲಾರಿ ಗುದ್ದಿದರೆ ಅದೊಂದನ್ನೇ ನಂಬಿ ಕೂರಲಾಗದು. ಆದ್ದರಿಂದ ಹೆಲ್ಮೆಟ್ ಕೊಟ್ಟ ಮಾತ್ರಕ್ಕೆ ರಸ್ತೆಯ ಹೊಣೆ ತೀರುವುದಿಲ್ಲ.

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 1990ರಲ್ಲಿ ಸೈಕಲ್ ಹೆಲ್ಮೆಟ್ ಕಡ್ಡಾಯ ಮಾಡಿದ ಮೇಲೆ ಮೆಲ್ಬರ್ನ್‌ನ ಎಣಿಕೆಗಳಲ್ಲಿ ಹದಿಹರೆಯದ ಸವಾರರು ಕಡಿಮೆಯಾದರು. ನಮ್ಮಲ್ಲಿ ಸೈಕಲ್ ಬಿಟ್ಟ ಹುಡುಗಿ ಶಾಲೆಯನ್ನೇ ಬಿಡಬೇಕಾದೀತು. ಹಾಗಾಗಿ ನಾವು ದಂಡ ಕೇಳುತ್ತಿಲ್ಲ, ಹೆಲ್ಮೆಟ್ ಕೇಳುತ್ತಿದ್ದೇವೆ.

ನಮ್ಮ ಬೇಡಿಕೆಗಳು:

1. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಸೈಕಲ್ ತುಳಿದು ಬರುವ ಪ್ರತಿ ಮಗುವಿಗೂ ತಲೆಯ ಅಳತೆಗೆ ಹೊಂದುವ, ನಮ್ಮ ಬಿಸಿಲಿಗೆ ಗಾಳಿಯಾಡುವ ಹೆಲ್ಮೆಟ್ ಉಚಿತವಾಗಿ ಕೊಡಬೇಕು. ಹಟ್ಟಿ ಗಣಿ ಪ್ರದೇಶದ ಮಕ್ಕಳಿಗೆ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಬಳಸುವ ಸಾಧ್ಯತೆ ಪರಿಶೀಲಿಸಬೇಕು.

2. ಖರೀದಿಯಲ್ಲಿ ಇಎನ್ 1078 ಮಾನದಂಡ ಪಾಲಿಸಬೇಕು. ಬೈಕ್ ಮೇಲೆ ಕರೆದೊಯ್ಯುವ ಪುಟ್ಟ ಮಕ್ಕಳಿಗಾಗಿ ಕೇಂದ್ರ ಸರ್ಕಾರ 2022ರಲ್ಲಿ ಹೊರಡಿಸಿದ ನಿಯಮದಲ್ಲಿ ಈ ಮಾನದಂಡದ ಹೆಸರಿದೆ.

3. ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳು ಮೇಲಿರಬೇಕು, ಗದ್ದದ ಪಟ್ಟಿ ಬಿಗಿದಿರಬೇಕು, ಒಮ್ಮೆ ಜೋರಾಗಿ ಪೆಟ್ಟು ತಿಂದದ್ದನ್ನು ಬದಲಿಸಬೇಕು. ಇಷ್ಟನ್ನು ಪ್ರತಿ ಶಾಲೆಯಲ್ಲಿ ಕಲಿಸಬೇಕು.

4. ಹೆಲ್ಮೆಟ್ ಇಲ್ಲವೆಂದು ಯಾವ ಮಗುವಿಗೂ ದಂಡ ಹಾಕಬಾರದು, ಶಾಲೆಯಿಂದ ವಾಪಸ್ ಕಳಿಸಬಾರದು.

5. ಶಾಲೆಗಳ ಬಳಿ ಗಂಟೆಗೆ 30 ಕಿ.ಮೀ. ವೇಗಮಿತಿ ಜಾರಿಯಾಗಬೇಕು, ಶಾಲೆ ಕೂಡುವ, ಬಿಡುವ ವೇಳೆ ಭಾರಿ ಲಾರಿಗಳನ್ನು ತಡೆಯಬೇಕು. ರಸ್ತೆ ಅಂಚಿನ ಗುಂಡಿ ಮುಚ್ಚಬೇಕು. ಟ್ರ್ಯಾಕ್ಟರ್ ಟ್ರೇಲರ್‌ಗಳಿಗೆ ಪ್ರತಿಫಲಕ ಪಟ್ಟಿ ಅಂಟಿಸಬೇಕು.

6. ತಲೆಗೆ ಪೆಟ್ಟು ಬಿದ್ದ ಮಗು ಪದೇ ಪದೇ ವಾಂತಿ ಮಾಡಿದರೆ, ಮಂಪರಿಗೆ ಜಾರಿದರೆ, ಕಿವಿಯಿಂದ ರಕ್ತ ಬಂದರೆ ತಕ್ಷಣ 108ಕ್ಕೆ ಕರೆ ಮಾಡುವಂತೆ ಶಿಕ್ಷಕರಿಗೆ ತರಬೇತಿ ಕೊಡಬೇಕು. ಸಿಂಧನೂರಿನಿಂದ ರಾಯಚೂರು, ಬಳ್ಳಾರಿಯ ದೊಡ್ಡ ಆಸ್ಪತ್ರೆಗಳು ದೂರ. ಇಲ್ಲಿ ಕಳೆದ ಪ್ರತಿ ನಿಮಿಷವೂ ಮಿದುಳಿಗೆ ನಷ್ಟ.

ಮುರಿದ ಕಾಲು ಕೂಡಿಕೊಳ್ಳುತ್ತದೆ. ಮಿದುಳಿಗಾದ ಗಾಯವನ್ನು ಮಗು ಜೀವನವಿಡೀ ಹೊರಬೇಕಾದೀತು. ಮುಂಬರುವ ಭತ್ತದ ಕಟಾವಿಗೆ ಮೊದಲೇ ಸಮಿತಿಯ ಸಭೆ ಕರೆದು, ಕೈಗೊಂಡ ತೀರ್ಮಾನವನ್ನು ನಮಗೆ ಲಿಖಿತವಾಗಿ ತಿಳಿಸಬೇಕೆಂದು ವಿನಂತಿಸುತ್ತೇವೆ.



ತಮ್ಮ ವಿಶ್ವಾಸಿಗಳು,
ಮೂರೂ ತಾಲ್ಲೂಕುಗಳ ಪಾಲಕರು ಹಾಗೂ ಸೈಕಲ್ ಸವಾರರು

ಸ್ಥಳ: ಸಿಂಧನೂರು