ಗಾಯಕ್ಕೆ ಜೇನು ಸರಿ, ಆದರೆ ಯಾವ ಜೇನು?

ಮಡಕಶಿರಾ ಕಡೆಯ ನಮ್ಮ ಮನೆಗಳಲ್ಲಿ ಒಲೆ ಹತ್ತಿರ ಕೈ ಸುಟ್ಟುಕೊಂಡರೆ ಮೊದಲು ಹುಡುಕುವುದು ಜೇನಿನ ಸೀಸೆ. ತೆಲುಗಿನಲ್ಲಿ ಬರೀ ತೇನೆ ಅಂತೀವಿ, ಕನ್ನಡದಲ್ಲಿ ಜೇನಿಗೆ ತುಪ್ಪವನ್ನೂ ಸೇರಿಸ್ತೀವಿ. ಸುಶ್ರುತ ಸಂಹಿತೆಯಲ್ಲೂ ಗಾಯಕ್ಕೆ ಜೇನು, ತುಪ್ಪ ಎರಡನ್ನೂ ಹೇಳಿದೆ.

ಇದೆಲ್ಲಾ ಅಜ್ಜಿ ಮದ್ದು ಅಂತ ನಗುವವರು ಸೊಲ್ಲಾಪುರದ ಸಂಗತಿ ಕೇಳಬೇಕು. ಅಲ್ಲಿನ ವೈದ್ಯಕೀಯ ಕಾಲೇಜಿನ ಸರ್ಜನ್ ಎಂ. ಸುಬ್ರಹ್ಮಣ್ಯಂ ಅವರು ಮೇಲ್ಮೇಲೆ ಸುಟ್ಟ ಗಾಯದ 104 ರೋಗಿಗಳಲ್ಲಿ 52 ಜನಕ್ಕೆ ಜೇನು, ಉಳಿದ 52 ಜನಕ್ಕೆ ಆಸ್ಪತ್ರೆಯ ಸಿಲ್ವರ್ ಸಲ್ಫಡಯಜೀನ್ ಮುಲಾಮು ಹಚ್ಚಿಸಿ ನೋಡಿದರು. 1991ರಲ್ಲಿ ಬ್ರಿಟನ್ನಿನ ಸರ್ಜನ್‌ಗಳ ಪತ್ರಿಕೆಯಲ್ಲಿ ಅದು ಅಚ್ಚಾಯಿತು. 15 ದಿನದೊಳಗೆ ಜೇನಿನವರಲ್ಲಿ ನೂರಕ್ಕೆ 87 ಗಾಯ ಮಾಗಿದ್ದವು, ಮುಲಾಮಿನವರಲ್ಲಿ 10. ಒಂದೇ ಊರಿನ ಲೆಕ್ಕ ಅನ್ನಬಹುದು. ಆದರೆ 2015ರಲ್ಲಿ ಕಾಕ್ರೇನ್ ಸಂಸ್ಥೆಯವರು ಹಲವು ದೇಶಗಳ ಪ್ರಯೋಗಗಳನ್ನು ಜರಡಿ ಹಿಡಿದಾಗಲೂ, ತೀರಾ ಆಳವಲ್ಲದ ಸುಟ್ಟ ಗಾಯ ಮಾಮೂಲಿ ಪಟ್ಟಿಗಿಂತ ಜೇನಿನಿಂದ ಬೇಗ ಮಾಗುತ್ತದೆ ಎಂದೇ ಬಂತು. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಮಾತ್ರ ಗಟ್ಟಿ ಪುರಾವೆ ಸಿಗಲಿಲ್ಲ.

ಆ ಕೊನೆಯ ಮಾತು ನಮ್ಮ ಮನೆಗೆ ತಡವಾಗಿ ತಿಳಿಯಿತು. ನಮ್ಮಪ್ಪನಿಗೆ ಸಕ್ಕರೆ ಕಾಯಿಲೆ. ಕಡಲೆಕಾಯಿ ಹೊಲದಲ್ಲಿ ಮುಳ್ಳು ತುಳಿದರು, ನೋವೇ ಗೊತ್ತಾಗಲಿಲ್ಲ. ಒಂದೂವರೆ ತಿಂಗಳು ಜೇನು ಹಚ್ಚಿದ್ವಿ. ಹಚ್ಚಿದವನು ನಾನೇ. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಎರಡು ಬೆರಳು ಕಪ್ಪಾಗಿದ್ದವು, ತೆಗೆಯಬೇಕಾಯಿತು. ಆ ಜೇನು ಸಂತೆಯಲ್ಲಿ ಕೊಂಡದ್ದು, ಬೆಲ್ಲದ ಪಾಕವೋ ಏನೋ ದೇವರೇ ಬಲ್ಲ.

ಅನುಮಾನಕ್ಕೆ ಕಾರಣ ಇದೆ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು 2020ರಲ್ಲಿ 13 ಬ್ರಾಂಡಿನ ಜೇನು ಪರೀಕ್ಷೆ ಮಾಡಿಸಿದರು. ಎಲ್ಲಾ ಪರೀಕ್ಷೆ ಪಾಸಾದದ್ದು ಮೂರೇ. ಉಪ್ಪಿನಕಾಯಿಯಲ್ಲಿ ಉಪ್ಪು ಮಾಡುವ ಕೆಲಸವನ್ನು ಗಾಯದಲ್ಲಿ ಜೇನಿನ ಸಕ್ಕರೆ ಮಾಡುತ್ತದೆ, ಕ್ರಿಮಿಯ ನೀರು ಹೀರುತ್ತದೆ. ಅಷ್ಟೇ ಆದರೆ ಪಾಕವೂ ಸಾಕಿತ್ತು. ಜೇನಿನಲ್ಲಿ ಹುಳಿ ಗುಣವಿದೆ. ಹುಳು ಬೆರೆಸಿದ ಕಿಣ್ವದಿಂದ ಸ್ವಲ್ಪ ಸ್ವಲ್ಪವೇ ಹೈಡ್ರೋಜನ್ ಪೆರಾಕ್ಸೈಡೂ ಹುಟ್ಟುತ್ತದೆ. ಜೋರಾಗಿ ಕಾಯಿಸಿದರೆ ಆ ಕಿಣ್ವ ಸತ್ತಂತೆ. ಹಸಿ ಜೇನೂ ಪೂರಾ ಶುದ್ಧವಲ್ಲ, ಅದರಲ್ಲಿ ಕ್ರಿಮಿಬೀಜ ಇರಬಹುದು. ಅದಕ್ಕೇ ಆಸ್ಪತ್ರೆ ಜೇನನ್ನು ಕಾಯಿಸದೆ ಗಾಮಾ ಕಿರಣದಿಂದ ಶುದ್ಧಿ ಮಾಡ್ತಾರೆ. ಅಮೆರಿಕದಲ್ಲಿ 2007ರಲ್ಲೇ ಅಂಥ ಜೇನಿನ ಪಟ್ಟಿಗೆ ಸರ್ಕಾರದ ಅನುಮತಿ ಸಿಕ್ಕಿತು.

ಸೊಲ್ಲಾಪುರದಲ್ಲಿ ಮಾಡಿ ತೋರಿಸಿದ ಔಷಧಿ ನ್ಯೂಜಿಲೆಂಡಿನ ಟ್ಯೂಬಿನಲ್ಲಿ ದುಬಾರಿ ಬೆಲೆಗೆ ಬರುವುದು ನನಗೆ ಸರಿ ಕಾಣುವುದಿಲ್ಲ. ಹೀಗೆ ಶುದ್ಧಿ ಮಾಡಿದ ಜೇನು ಆಂಧ್ರವಿರಲಿ ಕರ್ನಾಟಕವಿರಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬರಲಿ. ಜೇನು ಸಾಕುವ ರೈತರಿಂದಲೇ ಕೊಳ್ಳಲಿ. ಅಲ್ಲಿವರೆಗೆ, ಕೈ ಸುಟ್ಟರೆ ಮೊದಲು 20 ನಿಮಿಷ ತಣ್ಣೀರಿನಡಿ ಹಿಡಿಯಿರಿ. ಸಕ್ಕರೆ ಕಾಯಿಲೆಯವರ ಕಾಲಿಗೆ ಮುಳ್ಳು ಚುಚ್ಚಿದರೆ ಸೀಸೆ ಮುಟ್ಟಬೇಡಿ, ಅವತ್ತೇ ಬಸ್ ಹತ್ತಿಸಿ.