ಪರಿಸರದ ಪಾಠ ಕೊಕ್ಕಡಕ್ಕೂ ಬರಲಿ

‘ಬಿ.ಕಾಂ.ನವರಿಗೆ ಪರಿಸರ ಅಧ್ಯಯನ ಯಾಕೆ?’ ಪದವಿ ಕಾಲೇಜಿನ ಕಾರಿಡಾರಿನಲ್ಲಿ ಪ್ರತಿ ವರ್ಷ ಕೇಳಿಬರುವ ಪ್ರಶ್ನೆ ಇದು. ಬಿ.ಎಸ್ಸಿ.ಯವರು ಸಂವಿಧಾನದ ಪೇಪರ್ ಬಗ್ಗೆ ಹೀಗೆ ಕೇಳುತ್ತಾರೆ, ಬಿ.ಎ.ಯವರು ಕಂಪ್ಯೂಟರ್ ಪೇಪರ್ ಬಗ್ಗೆ. ನಮ್ಮ ಮುಖ್ಯ ವಿಷಯವಲ್ಲದ ಈ ಕಡ್ಡಾಯ ಪತ್ರಿಕೆಗಳ ಬಗ್ಗೆ ಎಲ್ಲರದ್ದೂ ಒಂದೇ ಮಾತು: ಪಾಸಾದರೆ ಸಾಕು.

2021ರಲ್ಲಿ ಕರ್ನಾಟಕ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಜಾರಿಗೆ ತಂದಾಗ ಓಪನ್ ಇಲೆಕ್ಟಿವ್, ಡಿಜಿಟಲ್ ಫ್ಲುಯೆನ್ಸಿ ಎಂಬ ಹೊಸ ಹೆಸರುಗಳು ವೇಳಾಪಟ್ಟಿಗೆ ಬಂದವು. 2024ರಲ್ಲಿ ಸರಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಪದವಿ ಮೂರು ವರ್ಷವೋ ನಾಲ್ಕು ವರ್ಷವೋ ಎಂಬ ಚರ್ಚೆ ಜೋರಾಗಿಯೇ ನಡೆಯಿತು. ಆದರೆ ಈ ಪತ್ರಿಕೆಗಳ ತರಗತಿಯೊಳಗೆ ಏನು ನಡೆಯುತ್ತದೆ ಎಂದು ವಿಚಾರಿಸಿದವರು ಕಡಿಮೆ.

ನಾನೂ ಬಿ.ಕಾಂ. ವಿದ್ಯಾರ್ಥಿನಿಯೇ. ಆದರೂ ಪರಿಸರದ ಪೇಪರ್ ಬೇಕೇ ಬೇಕು ಎನ್ನುತ್ತೇನೆ. ಅದಕ್ಕೆ ಕಾರಣ ನನ್ನ ಊರು.

ಬೆಳ್ತಂಗಡಿ ತಾಲೂಕಿನ ಕೊಕ್ಕಡ ಎಂದರೆ ಹೊರಗಿನವರಿಗೆ ಸೌತಡ್ಕದ ಬಯಲು ಗಣಪತಿ ನೆನಪಾಗುತ್ತಾನೆ. ನಮಗೆ ಅದರ ಜತೆಗೆ ಎಂಡೋಸಲ್ಫಾನ್ ಎಂಬ ಹೆಸರೂ ನೆನಪಾಗುತ್ತದೆ. ಗೇರು ಮರಗಳಿಗೆ ಟೀ ಸೊಳ್ಳೆಯ ಕಾಟ ತಪ್ಪಿಸಲೆಂದು ಸರಕಾರದ್ದೇ ಆದ ಗೇರು ಅಭಿವೃದ್ಧಿ ನಿಗಮ ಈ ಭಾಗದ ತೋಟಗಳಿಗೆ 2000ದವರೆಗೆ ಸುಮಾರು ಎರಡು ದಶಕ ಹೆಲಿಕಾಪ್ಟರ್‌ನಿಂದ ಆ ವಿಷ ಸಿಂಪಡಿಸಿತು. ಆಕಾಶದಿಂದ ಸುರಿದದ್ದು ತೋಟದ ಬೇಲಿಯಲ್ಲೇ ನಿಲ್ಲುತ್ತದೆಯೇ? ಕೊಕ್ಕಡ, ನಿಡ್ಲೆ, ಪಟ್ರಮೆ ಗ್ರಾಮಗಳಲ್ಲಿ ಸರಕಾರವೇ ಸಂತ್ರಸ್ತರೆಂದು ಗುರುತಿಸಿ ಮಾಸಾಶನ ಕೊಡುತ್ತಿರುವವರು ಇಂದಿಗೂ ಇದ್ದಾರೆ. ಅವರಿಗಾಗಿ ನಮ್ಮೂರಲ್ಲೊಂದು ಪಾಲನಾ ಕೇಂದ್ರವೂ ಇದೆ. ಗಡಿಯಾಚೆಯ ಕಾಸರಗೋಡಿನಲ್ಲೂ ಇದೇ ಕಥೆ. ಅಲ್ಲಿನ ಪತ್ರಕರ್ತ ಶ್ರೀಪಡ್ರೆ, ವಿರೂಪಗೊಂಡು ಹುಟ್ಟುತ್ತಿದ್ದ ಕರುಗಳ ಬಗ್ಗೆ 1979ರಲ್ಲೇ ಬರೆದಿದ್ದರು. ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನ್‌ಗೆ ತಡೆ ಹೇರಿದ್ದು 2011ರ ಮೇ ತಿಂಗಳಲ್ಲಿ. ನಡುವೆ ಮೂವತ್ತೆರಡು ವರ್ಷ ಕಳೆದಿತ್ತು.

ಈಗ ಹೇಳಿ, ಇದು ಯಾವ ವಿಭಾಗದ ಪಾಠ? ವಿಷ ಮಣ್ಣಿನಲ್ಲಿ ಎಷ್ಟು ಕಾಲ ಉಳಿಯುತ್ತದೆ ಎಂದು ರಸಾಯನಶಾಸ್ತ್ರ ಹೇಳಬಹುದು. ಪರಿಹಾರ ಕೇಳುವುದು ಹೇಗೆ ಎಂದು ಕಾನೂನು ಹೇಳಬಹುದು. ನಾನು ಕಲಿಯುತ್ತಿರುವ ಲೆಕ್ಕಶಾಸ್ತ್ರಕ್ಕೂ ಇಲ್ಲೊಂದು ಪ್ರಶ್ನೆಯಿದೆ. ಔಷಧದ ಬೆಲೆ, ಹೆಲಿಕಾಪ್ಟರ್ ಬಾಡಿಗೆ, ಗೇರುಬೀಜದ ಆದಾಯ ಎಲ್ಲವೂ ನಿಗಮದ ಲೆಕ್ಕಪುಸ್ತಕಕ್ಕೆ ಬರುವಂಥವು. ಆದರೆ ಮಲಗಿದಲ್ಲೇ ಇರುವ ಮಗನನ್ನು ಮೂವತ್ತು ವರ್ಷ ನೋಡಿಕೊಂಡ ಅಮ್ಮನ ದುಡಿಮೆ, ಆಕೆ ಬಿಟ್ಟ ಕೂಲಿ ಯಾವ ಪುಸ್ತಕದಲ್ಲೂ ಖರ್ಚೆಂದು ಬರೆಯಲ್ಪಡುವುದಿಲ್ಲ. ಲಾಭ–ನಷ್ಟದ ಪಟ್ಟಿ ಮಾಡಲು ಮಾತ್ರ ಕಲಿತವರಿಗೆ ಆ ಕಾಲಂ ಬಿಟ್ಟುಹೋಗಿದೆ ಎಂದೇ ಗೊತ್ತಾಗುವುದಿಲ್ಲ. ನಾಳೆ ಇಂಥದ್ದೇ ನಿಗಮದ ಕಚೇರಿಯಲ್ಲಿ ಫೈಲಿಗೆ ಸಹಿ ಹಾಕುವವರು ನಮ್ಮಂಥ ಪದವೀಧರರೇ ಅಲ್ಲವೇ?

ಪರಿಸರ ಶಿಕ್ಷಣ ಕಡ್ಡಾಯವಾದದ್ದೂ ಸುಪ್ರೀಂ ಕೋರ್ಟಿನಿಂದಲೇ. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ 1991ರ ನವೆಂಬರ್‌ನಲ್ಲಿ ಬಂದ ಆದೇಶದ ಆಧಾರದಲ್ಲಿ ಯುಜಿಸಿ ಎಲ್ಲ ಪದವಿಗಳಿಗೂ ಆರು ತಿಂಗಳ ಒಂದು ಪಠ್ಯ ರೂಪಿಸಿತು. ಅದರ ಕೊನೆಯ ಘಟಕ ಕ್ಷೇತ್ರಕಾರ್ಯವಾಗಿತ್ತು. ಐದು ತರಗತಿಗಳಷ್ಟು ಸಮಯ ಮತ್ತು ನೂರರಲ್ಲಿ 25 ಅಂಕ ಅದಕ್ಕೆ ಮೀಸಲಾಗಿತ್ತು. ಸ್ಥಳೀಯವಾಗಿ ಮಲಿನಗೊಂಡ ಒಂದು ಜಾಗಕ್ಕೆ ಭೇಟಿ ಕೊಡಬೇಕು ಎಂದೇ ಅದರಲ್ಲಿ ಬರೆದಿತ್ತು.

ನಮ್ಮ ಬ್ಯಾಚಿಗೆ ಅಂಥ ಭೇಟಿ ಸಿಗಲಿಲ್ಲ. ಎರಡು ಸೆಕ್ಷನ್‌ಗಳನ್ನು ಒಂದೇ ಹಾಲ್‌ನಲ್ಲಿ ಕೂರಿಸಿ ಓಜೋನ್ ಪದರ, ಗಂಗಾ ಶುದ್ಧೀಕರಣ ಎಂದು ಸ್ಲೈಡ್ ಓಡಿಸಲಾಯಿತು. ಜೆರಾಕ್ಸ್ ಅಂಗಡಿಯ ನೋಟ್ಸ್ ಪರೀಕ್ಷೆಗೆ ಸಾಕಾಯಿತು. ಕೀಟನಾಶಕದ ಅಧ್ಯಾಯ ಮುಗಿದರೂ ಬಸ್ಸಿನ ದಾರಿಯಲ್ಲೇ ಇರುವ ಕೊಕ್ಕಡದ ಹೆಸರು ಬರಲಿಲ್ಲ. ಇದಕ್ಕೆ ಉಪನ್ಯಾಸಕರನ್ನು ದೂರಿ ಫಲವಿಲ್ಲ. ಯಾರ ವರ್ಕ್‌ಲೋಡ್ ಕಡಿಮೆಯಿದೆಯೋ ಅವರ ತಲೆಗೆ ಕಟ್ಟುವ ಪೇಪರ್ ಇದು. ನೂರಿಪ್ಪತ್ತು ಮಂದಿಯನ್ನು ಒಬ್ಬರೇ ಎಲ್ಲಿಗೆ ಕರೆದೊಯ್ಯಲು ಸಾಧ್ಯ?

ಹಾಗೆಂದು ಪೇಪರನ್ನೇ ತೆಗೆದುಹಾಕಿ ಎನ್ನುವುದು ನೆಗಡಿಯಾಯಿತೆಂದು ಮೂಗು ಕೊಯ್ದಂತೆ. ಬೇಕಾದದ್ದು ಮೂರೇ ಬದಲಾವಣೆ. ಕ್ಷೇತ್ರಕಾರ್ಯ ವಿದ್ಯಾರ್ಥಿಯ ಸ್ವಂತ ತಾಲೂಕಿನಲ್ಲೇ ನಡೆಯಲಿ. ಬೇರೆ ಬೇರೆ ಪದವಿಯವರನ್ನು ಹತ್ತು ಮಂದಿಯ ತಂಡಗಳಾಗಿ ಸೇರಿಸಲಿ, ಬಿ.ಎಸ್ಸಿ.ಯವರು ಬಾವಿಯ ನೀರಿನ ಬಗ್ಗೆ ಕೇಳಲಿ, ಬಿ.ಕಾಂ.ನವರು ಖರ್ಚಿನ ಬಗ್ಗೆ, ಬಿ.ಎ.ಯವರು ಹೋರಾಟದ ಬಗ್ಗೆ. ಅಂಕವನ್ನು ಟಿಕ್ ಹಾಕುವ ಪ್ರಶ್ನೆಗಳಿಗೆ ಕೊಡುವ ಬದಲು ಆ ವರದಿಗೂ ಮೌಖಿಕ ಪರೀಕ್ಷೆಗೂ ಕೊಡಲಿ.

ಒಂದು ಎಚ್ಚರಿಕೆಯೂ ಬೇಕು. ಸಂತ್ರಸ್ತರ ಮನೆ ಪ್ರದರ್ಶನದ ವಸ್ತುವಲ್ಲ. ಮೊದಲು ಒಪ್ಪಿಗೆ ಕೇಳಿ, ಮೊಬೈಲ್ ಕಿಸೆಯಲ್ಲಿಟ್ಟು ಒಳಗೆ ಹೋಗುವುದೂ ಈ ಪಾಠದ ಭಾಗವೇ. ರೀಲ್ಸ್ ಮಾಡಲು ಹೊರಡುವವರು ದಯವಿಟ್ಟು ಬರಬೇಡಿ.

ಸಂತ್ರಸ್ತರ ಕಥೆ ಹೇಳುವ ಅಪ್ಪ ಅಮ್ಮಂದಿರಿಗೆ ವಯಸ್ಸಾಗುತ್ತಿದೆ. ಹೆಲಿಕಾಪ್ಟರ್ ಕಣ್ಣಾರೆ ಕಂಡವರ ಮಾತನ್ನು ಬರೆದಿಟ್ಟುಕೊಳ್ಳಲು ಉಳಿದಿರುವ ಕಾಲ ಹೆಚ್ಚೇನೂ ಇಲ್ಲ. ಮುಂದಿನ ಸೆಮಿಸ್ಟರಿನ ಪರಿಸರ ಪಾಠಕ್ಕೆ ನಮ್ಮ ಜಿಲ್ಲೆಯ ಒಂದೇ ಒಂದು ಕಾಲೇಜು ಹತ್ತು ಮಂದಿಯನ್ನು ಕೊಕ್ಕಡದ ಬಸ್ಸು ಹತ್ತಿಸಿದರೂ ಆರಂಭಕ್ಕೆ ಸಾಕು.